ಬಂಪರಿಗೂ ಗಾಲಿಗೂ ನಡುವೆ ಎರಡು ಬೆರಳು

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಜೀಪುಗಳಲ್ಲಿ ಒಂದು ನಮ್ಮ ಶೆಡ್ಡಿಗೆ ಬಂತು. ಮದ್ದೂರಿನ ಪೇಟೆ ಮುಗಿದು ಮಳವಳ್ಳಿ ರಸ್ತೆ ಶುರುವಾಗುವ ಕಡೆ ನಮ್ಮ ಶೆಡ್ಡು. ಅಲ್ಲಿಯವರೆಗೆ ನಾನು ಬಿಚ್ಚಿ ಜೋಡಿಸಿದ್ದೆಲ್ಲ ಪೆಟ್ರೋಲಿಲ್ಲದೆ ಇದ್ದಿಲು ಗ್ಯಾಸಿನಲ್ಲಿ ಓಡುವ ಬಸ್ಸುಗಳು, ಒಂದೆರಡು ಲಾರಿ. ಈ ಜೀಪಿಗೆ ಸ್ಟಿಯರಿಂಗು ಎಡಗಡೆಗಿತ್ತು. ಪಕ್ಕದ ಸೋಡಾ ಅಂಗಡಿಗೆ ಬಂದವರೆಲ್ಲ ಒಂದು ಸಲ ಬಗ್ಗಿ ನೋಡಿ, "ಇದೇನ್ಲಾ, ಎಡಚನ ಗಾಡಿ!" ಅನ್ನೋರು.

ಗಾಡಿ ಕೊಂಡವರು ಕಬ್ಬಿನ ಗೌಡರು. ಮಳವಳ್ಳಿ ರಸ್ತೆಯಲ್ಲಿ, ನಾಲೆಯ ಮಗ್ಗುಲಲ್ಲಿ ಅವರ ಗದ್ದೆಗಳು. ಕಬ್ಬು ಮಂಡ್ಯದ ಕಾರ್ಖಾನೆಗೆ ಹೋಗುತ್ತಿತ್ತು. ಕಡಿದ ಗದ್ದೆಯೊಳಕ್ಕೇ ಜೀಪು ನುಗ್ಗಿಸಿಕೊಂಡು ಓಡಾಡಬೇಕು ಅಂತ ಅವರ ಆಸೆ. ಆದರೆ ಕಡಿದ ಮೇಲೆ ಉಳಿಯುವ ಕಬ್ಬಿನ ಕೂಳೆ ಅಂದರೆ ನೆಟ್ಟ ಚೂರಿ ಇದ್ದ ಹಾಗೆ, ಟೈರಿಗೆ ಸಿಕ್ಕರೆ ಸೀಳಿಬಿಡುತ್ತದೆ.

"ಈ ಮುಂದಿನ ಪಟ್ಟಿ ಏನಯ್ಯಾ ಮೇಸ್ತ್ರಿ, ಕಡಸು ಗುಮ್ಮಿದ್ರೆ ಬಗ್ಗೋಯ್ತದೆ. ಇದ ಕಿತ್ತಾಕಿ ಗಟ್ಟಿಯಾಗಿ ಒಂದು ಬಂಪರ್ ಮಾಡು. ಎರಡು ಕೊನೆನೂವೆ ಗಾಲಿ ತಬ್ಬಿಕೊಂಡಂಗೆ ಹಿಂದಕ್ಕೆ ಬಗ್ಗಿರಬೇಕು. ಕಬ್ಬಿಣ ನಾನೇ ಕಳಿಸ್ತೀನಿ" ಅಂದರು ಗೌಡರು.

ಮಾರನೇ ದಿನ ಎತ್ತಿನ ಗಾಡಿಯಲ್ಲಿ ಏಳಡಿ ಚಾನೆಲ್ ಕಬ್ಬಿಣ ಬಂತು. ಮೂರು ಕಡೆ ಗೋಡೆ, ಒಂದು ಕಡೆ ಬಾಯಿ, ದನಕ್ಕೆ ನೀರಿಡುವ ದೋಣಿಯ ಹಾಗೆ. ಉದ್ದಕ್ಕೂ ರಿವೆಟ್ಟಿನ ತೂತು. ಅದನ್ನು ಬಗ್ಗಿಸುವುದಕ್ಕೆ ಪಕ್ಕದ ಕುಲುಮೆಯ ಆಚಾರ್ರನ್ನು ಕರೆದೆ. ನನಗಿಂತ ಹತ್ತು ವರ್ಷ ದೊಡ್ಡವರು, ಬಾಯಿ ಸ್ವಲ್ಪ ಜೋರು. ಕಬ್ಬಿಣ ಕೆಂಪಗಾಗುತ್ತಿದ್ದ ಹಾಗೆ ತೂತುಗಳಲ್ಲಿ ಕೂತಿದ್ದ ಮಣ್ಣು ಚುರ್ರೆಂದು, ಒಂದು ಥರ ಹಸಿ ವಾಸನೆ ಬಂತು. ಬತ್ತಿದ ನಾಲೆಯ ತಳದ ವಾಸನೆ. ಆಚಾರ್ರು ತಿದಿ ಎಳೆಯುವುದನ್ನು ನಿಲ್ಲಿಸಿದರು.

"ಇದು ಎಲ್ಲಿದ್ದ ಕಬ್ಬಿಣನಯ್ಯಾ?"

"ಗೌಡ್ರ ಹಿತ್ತಿಲಲ್ಲಿ ಬಿದ್ದಿತ್ತಂತೆ."

"ಹಿತ್ತಿಲಿಗೆ ಎಲ್ಲಿಂದ ಬಂತು ಅಂತ ಕೇಳ್ದೆ."

ನನಗೆ ಗೊತ್ತಿರಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ಸಾಯಂಕಾಲದೊಳಗೆ ಎರಡು ಕೊನೆಗಳೂ ರೆಕ್ಕೆಗಳ ಹಾಗೆ ಬಗ್ಗಿದವು. ಬಾಯಿ ಗಾಲಿಯ ಕಡೆಗೆ, ಬೆನ್ನು ರಸ್ತೆಯ ಕಡೆಗೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಗಾಡಿಗೆ ಹೊಸ ಕಬ್ಬಿಣ ಹತ್ತಿದರೆ, ಪೂಜೆಯಾಗುವ ತನಕ ಯಾರೂ ಅದರೊಳಗೆ ಕೂರುವಂತಿಲ್ಲ. ಪೂಜೆಯಾದ ಮೇಲೆ ನಿಂಬೆಹಣ್ಣು ತುಳಿದು ನೆಟ್ಟಗೆ ಮುಂದಕ್ಕೇ ಹೋಗಬೇಕು, ಶೆಡ್ಡಿನ ಎದುರಿಗೆ ತಿರುಗಿಸಬಾರದು. ಹಾಗಾಗಿ ನಾನು ಯಾವಾಗಲೂ ಸಂದು ಅಳೆಯುತ್ತಿದ್ದದ್ದು ಹೀಗೆ: ಚಾಸಿಗೆ ಜಾಕಿ ಕೊಟ್ಟು ಮುಂದಿನ ಗಾಲಿಗಳನ್ನು ನೆಲದಿಂದ ಎತ್ತಿ, ಹೊರಗೆ ನಿಂತೇ ಕೈ ಹಾಕಿ ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಗಾಲಿಗೂ ಬಂಪರಿಗೂ ನಡುವೆ ಬೆರಳಿಟ್ಟು ನೋಡುವುದು. ಎಡಗಡೆ ಎರಡು ಬೆರಳು ಸಲೀಸಾಗಿ ಹೋಯಿತು, ಬಲಗಡೆ ಎರಡು ಬೆರಳಿಗಿಂತ ಒಂದು ದಾರದಷ್ಟು ಹೆಚ್ಚು. ನನ್ನ ಲೆಕ್ಕದ ಪುಸ್ತಕದಲ್ಲಿ ಹಾಗೇ ಬರೆದುಕೊಂಡೆ. ಅವತ್ತು ಮನೆಯಲ್ಲಿ ಅವರೆಕಾಳು ಸಾರು, ಬಿಸಿಲು ಹೆಚ್ಚು ಅಂತಲೂ ಆ ಪುಟದಲ್ಲಿದೆ.

ಗೌಡರ ಡ್ರೈವರು ಮದ್ದೂರಿನ ಒಬ್ಬ ಸಾಬರು. ಬರ್ಮಾ ಕಡೆ ಮಿಲಿಟರಿ ಲಾರಿ ಓಡಿಸಿ ಬಂದವರು. ಮಾತು ಕಮ್ಮಿ. ಪೂಜೆಗೂ ಕೈಮುಗಿದು ನಿಂತು, ನಿಂಬೆಹಣ್ಣು ತುಳಿಸಿಕೊಂಡು ನೆಟ್ಟಗೆ ಹೋದರು.

ಎಂಟು ದಿನಕ್ಕೆ ಜೀಪು ವಾಪಸು ಬಂತು. ಜೊತೆಗೆ ಬಂದಿದ್ದ ಗೌಡರ ಗುಮಾಸ್ತ ಬೆವರುತ್ತಿದ್ದ. ಮಳವಳ್ಳಿ ರಸ್ತೆ ಒಂದು ಕಡೆ ನಾಲೆಯ ಜೊತೆಗೇ ಹೋಗುತ್ತದೆ. ನಾಲೆ ಎಡಕ್ಕೆ. ಒಂದು ಮೋರಿಯ ಹತ್ತಿರ ರಸ್ತೆ ತಗ್ಗಿ, ಎಡಕ್ಕೆ ತಿರುಗಿ, ಮತ್ತೆ ನೆಟ್ಟಗಾಗುತ್ತದೆ. ಅಲ್ಲಿ ಜೀಪು ಎಡಕ್ಕೆ ತಿರುಗಿತು, ನೆಟ್ಟಗಾಗಲಿಲ್ಲ.

"ಸ್ಟಿಯರಿಂಗು ವಾಪಸ್ ಬರಲಿಲ್ಲ ಮೇಸ್ತ್ರಿ. ಯಾರೋ ಕೆಳಗೆ ಕೂತು ಗಾಲಿ ಹಿಡ್ಕೊಂಡಂಗೆ. ಏರಿ ತುದೀಲಿ ಬಿಟ್ಟುಬಿಡ್ತು" ಅಂದರು ಸಾಬರು.

"ಸದ್ದು ಹೇಳಿ ಸಾಬ್ರೆ, ಸದ್ದು" ಅಂದ ಗುಮಾಸ್ತ. "ಕರ ಸತ್ತ ಹಸ ಕೂಗಂಗೆ ಕೂಗ್ತು ಕಣ್ರೀ ಗಾಡಿ. ಮಟಮಟ ಮಧ್ಯಾಹ್ನ. ಗದ್ದೇಲಿ ಕಳೆ ಕೀಳ್ತಿದ್ದ ಹೆಂಗಸ್ರು ಎದ್ದು ನಿಂತ್ಕಂಡ್ರು. ನಾನಂತೂ ಇನ್ನು ಎತ್ತಿನ ಗಾಡೀಲೇ ಬತ್ತೀನಪ್ಪ."

ಜಾಕಿ ಕೊಟ್ಟೆ. ಸ್ಟಿಯರಿಂಗು ಬೆಣ್ಣೆಯ ಹಾಗೆ ತಿರುಗಿತು. ಎಡಗಡೆ ಎರಡು ಬೆರಳು. ಸ್ಟಿಯರಿಂಗ್ ಡಬ್ಬ ಬಿಚ್ಚಿ ನೋಡಿ, ಗ್ರೀಸು ತುಂಬಿ, ಒಂದೊಂದು ಜಾಯಿಂಟನ್ನೂ ಅಲ್ಲಾಡಿಸಿ ನೋಡಿ ಕಳಿಸಿದೆ.

ನಾಲ್ಕನೇ ದಿನ ಮತ್ತೆ ಹಾಗೇ ಆಯಿತು. ಅದೇ ಮೋರಿ, ಅದೇ ಕೂಗು. ಆ ಸಲ ಸಾಬರೊಬ್ಬರೇ ಇದ್ದರು, ಹಿಂದೆ ಗೊಬ್ಬರದ ಮೂಟೆಗಳು. ಮತ್ತೆ ಜಾಕಿ ಕೊಟ್ಟೆ. ಮತ್ತೆ ಏನೂ ಇಲ್ಲ. ಕೆಟ್ಟದ್ದು ಕೆಟ್ಟ ಹಾಗೆ ಕಾಣಿಸಿದರೆ ರಿಪೇರಿ ಮಾಡಬಹುದು. ಶೆಡ್ಡಿಗೆ ಬಂದೊಡನೆ ಸಾಧುವಾಗಿ ನಿಲ್ಲುವ ಗಾಡಿಗೆ ಏನು ಮಾಡುವುದು? ಗಾಲಿ ಎತ್ತಿ ಬಿಟ್ಟು ಎದುರಿಗೆ ಕೂತೆ. ಗಾಳಿ ಇರಲಿಲ್ಲ. ನೋಡುತ್ತಿದ್ದ ಹಾಗೆ ಎಡಗಾಲಿ ನಿಧಾನವಾಗಿ ಕಾಲು ಸುತ್ತು ತಿರುಗಿ ನಿಂತಿತು. ವಾಲ್ವಿನ ತೂಕಕ್ಕೆ ಗಾಲಿ ಹಾಗೆ ತಿರುಗುವುದುಂಟು, ನೂರು ಸಲ ನೋಡಿದ್ದೇನೆ. ಆದರೂ ಅವತ್ತು ಎದ್ದು ಹೊರಗೆ ಬಂದೆ.

ಅಷ್ಟರಲ್ಲಿ ಕಬ್ಬಿಣದ ಕಥೆ ಊರೂರಿಗೆ ಹಬ್ಬಿತ್ತು. ಕೆಲವು ವರ್ಷದ ಕೆಳಗೆ ಅದೇ ನಾಲೆಗೆ ಒಂದು ಲಾರಿ ಬಿದ್ದು ಇಬ್ಬರು ಸತ್ತಿದ್ದರಂತೆ. ಆ ಲಾರಿಯ ಚಾಸಿಯನ್ನು ಮೇಲೆತ್ತಿ ಕತ್ತರಿಸಿದಾಗ ಒಂದು ತುಂಡು ಗೌಡರ ಹಿತ್ತಿಲು ಸೇರಿತ್ತಂತೆ. ಆಚಾರ್ರು ಸುತ್ತಿಗೆ ಹಿಡಿದೇ ಶೆಡ್ಡಿಗೆ ಬಂದರು.

"ಗೊತ್ತಿದ್ದಿದ್ರೆ ಕುಲುಮೆಗೆ ಬೆಂಕಿನೇ ಆಕ್ತಿರ್ಲಿಲ್ಲ ಕಣಯ್ಯಾ! ನೀರು ಕುಡಿದ ಕಬ್ಬಿಣ ನೀರಿಗೇ ಓಯ್ತದೆ. ಇನ್ನು ಅದನ್ನ ನನ್ನ ಬೆಂಕಿಗೆ ತರಬ್ಯಾಡ."

ಮೂರನೇ ಸಲ ಆದದ್ದು ಒಂದು ಸೋಮವಾರ ಮಧ್ಯಾಹ್ನ. ಜೀಪು ಏರಿ ಹತ್ತಿ, ಎಡಗಾಲಿ ನೀರಿನ ಮೇಲೆ ಗಾಳಿಯಲ್ಲಿ ನಿಂತಿತ್ತು. ಒಳಗೆ ಸಾಬರು ಒಬ್ಬರೇ. ಎತ್ತು ಕಟ್ಟಿ ಹಿಂದಕ್ಕೆ ಎಳೆಯಬೇಕಾಯಿತು. ಎತ್ತುಗಳು ಹತ್ತಿರ ಹೋಗಲು ಒಪ್ಪದೆ ಮುಸುಡಿ ತಿರುಗಿಸಿದವು ಅಂತ ಎಳೆದವರು ಹೇಳಿದರು.

ಗೌಡರು ಜೀಪಿನ ಜೊತೆಗೇ ಬಂದರು. "ನೋಡಯ್ಯಾ, ಶುಕ್ರವಾರದ ತನಕ ಟೈಮು. ಗಾಡೀಲಿ ದೋಷ ಸಿಕ್ಕಿದ್ರೆ ಸರಿ. ಸಿಗ್ಲಿಲ್ವಾ, ದೋಷ ಇವನಲ್ಲೇ ಅದೆ. ಕುಡಿತಾನೋ, ಯಾವುದನ್ನಾದರೂ ಮೈಮ್ಯಾಕೆ ತಂದ್ಕಂಡವನೋ, ನಂಗೆ ಬ್ಯಾಡ. ಇಂಥವನ ಕೈಗೆ ಗಾಡಿ ಕೊಡಬ್ಯಾಡಿ ಅಂತ ಮಂಡ್ಯ, ಮಳವಳ್ಳಿ ಎಲ್ಲಾ ಕಡೆ ಯೋಳಿಬುಡ್ತೀನಿ."

ಸಾಬರು ಅಲ್ಲೇ ನಿಂತಿದ್ದರು.

ಬುಧವಾರ ಬೆಳಿಗ್ಗೆ ಸಾಬರ ಹೆಂಡತಿ ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ನಿಂತು ನನ್ನ ಹೆಂಡತಿಯ ಹತ್ತಿರ ಮಾತಾಡಿದರು, ನನಗೆ ಕೇಳಿಸಲಿ ಅಂತ.

"ನಮ್ಮ ಮನೆಯೋರು ಕುಡಿಯೋದಿಲ್ಲಮ್ಮ. ಆದ್ರೆ ಊಟ ಬಿಟ್ಟವ್ರೆ. ಮಧ್ಯಾಹ್ನ ಆದ್ರೆ ಸಾಕು, ಎದ್ದು ನಾಲೆ ಕಡೆ ಮುಖ ಮಾಡ್ಕೊಂಡು ಕೂತ್ಕೋತಾರೆ. ಯಾರೋ ಕರೆದ್ರು ಅನ್ನೋ ಹಾಗೆ. ಮಲಗಿದ್ರೆ ಎಡಗಡೆ ಮಗ್ಗುಲಿಗೆ ತಿರುಗೋದಿಲ್ಲ. ಗಾಡೀಲಿ ಏನಾದ್ರೂ ಇದ್ರೆ ಹುಡುಕಿಕೊಡೋಕೆ ಹೇಳಿ. ಇಲ್ಲ ಅಂದ್ರೆ ಇಲ್ಲ ಅಂತ ಹೇಳಿಬಿಡಿ, ನನ್ನ ತೌರಿಗೆ ಕರ್ಕೊಂಡು ಹೋಗ್ತೀನಿ."

ಅವರು ಹೋದ ಮೇಲೆ ನನ್ನ ಹೆಂಡತಿ ರಾಗಿಮುದ್ದೆ ತಟ್ಟೆಗಿಟ್ಟು, "ಮೂರು ಸಲ ಅದೇ ಬೆರಳಿಟ್ಟು ಅದೇ ಸಂದು ನೋಡಿದ್ದೀರಿ. ನಾಲ್ಕನೇ ಸಲ ಅದೇನು ಬೇರೆ ಕಾಣಿಸ್ತದೆ?" ಅಂದಳು. ಅವಳ ಮಾತಿನಲ್ಲಿ ಸಿಟ್ಟಿತ್ತು. ನಾನು ಮುದ್ದೆ ನುಂಗಿದೆ.

ಗುರುವಾರ ಆಚಾರ್ರನ್ನು ಕಾಡಿ ಬೇಡಿ ಕರೆತಂದೆ. ಆ ಕಬ್ಬಿಣ ಮುಟ್ಟುವುದಿಲ್ಲ, ನೋಡುತ್ತೇನೆ ಅಷ್ಟೆ ಅಂತ ಬಂದರು. ಜಾಕಿ ಕೊಟ್ಟು ಗಾಲಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿ, ರೆಕ್ಕೆಯ ಅಂಚಿನಲ್ಲಿ ಒರಟು ಏನಾದರೂ ಉಳಿದಿದೆಯೋ ಅಂತ ಸಂದಿನಲ್ಲಿ ಎರಡು ಬೆರಳು ಹಾಕಿ ಸವರುತ್ತಿದ್ದೆ. ಆಚಾರ್ರು ನನ್ನ ಕೆಲಸ ಮುಗಿಯಿತು ಅಂದುಕೊಂಡು ಜಾಕಿ ಇಳಿಸಿದರು.

ಗಾಡಿ ಕುಸಿದು ಗಾಲಿ ನೆಲಕ್ಕೆ ತಾಗಿತು. ಆಮೇಲೆ ಆ ಗಾಲಿ ಮುಂದಕ್ಕೆ ಬಂತು. ಉರುಳಲಿಲ್ಲ. ಇದ್ದ ಹಾಗೆಯೇ, ಉಸಿರು ಎಳೆದುಕೊಂಡ ಹಾಗೆ ನನ್ನ ಕಡೆಗೆ ಬಂತು. ಬೆರಳು ಸಿಕ್ಕಿಕೊಂಡವು.

"ಎತ್ತಿ! ಎತ್ತೀ ಆಚಾರ್ರೆ!"

"ಏನಾಯ್ತಯ್ಯಾ?"

"ಕಚ್ತು!"

ಆಚಾರ್ರು ಜಾಕಿ ಹಿಡಿ ಬಿಟ್ಟು ಎರಡು ಮಾರು ಹಿಂದಕ್ಕೆ ಹಾರಿದರು. ಆಮೇಲೆ ನನ್ನ ಮುಖ ನೋಡಿ ಓಡಿಬಂದು ಎತ್ತಿದರು. ಬೆರಳಿನ ಚರ್ಮ ಸುಲಿದಿತ್ತು, ಮೂಳೆಗೆ ಏನೂ ಆಗಿರಲಿಲ್ಲ. ನಾನು ನೆಲದ ಮೇಲೆ ಕೂತು ಆ ಬೆರಳುಗಳನ್ನೇ ನೋಡುತ್ತಿದ್ದೆ. ಎರಡು ಬೆರಳಿನ ಸಂದು ಬೆರಳನ್ನು ಹೇಗೆ ಹಿಡಿಯಿತು?

"ಇನ್ನೊಂದು ಸಲ ಇಳಿಸಿ" ಅಂದೆ. ಈ ಸಲ ಬೆರಳಿನ ಬದಲು ಕಡ್ಡಿಯಿಟ್ಟು ಅಳೆದೆ. ಗಾಲಿ ಇಳಿದಂತೆಲ್ಲ ಸಂದು ಕಿರಿದಾಯಿತು.

ನಮ್ಮ ಬಸ್ಸುಗಳಲ್ಲಿ ಮುಂದಿನ ಕಮಾನು ಪಟ್ಟಿಯ, ಅಂದರೆ ಭಾರ ಹೊರುವ ಸ್ಪ್ರಿಂಗಿನ, ಮುಂದಿನ ತುದಿ ಗಟ್ಟಿಯಾಗಿ ಕೂತಿರುತ್ತದೆ, ಹಿಂದಿನ ತುದಿ ಕೊಂಡಿಯಲ್ಲಿ ತೂಗಾಡುತ್ತದೆ. ಭಾರ ಬಿದ್ದರೆ ಗಾಲಿ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಈ ಜೀಪಿಗೆ ತೂಗುವ ಕೊಂಡಿ ಮುಂದುಗಡೆ. ಭಾರ ಬಿದ್ದರೆ ಬಿಲ್ಲಿನಂತಿರುವ ಪಟ್ಟಿ ಚಪ್ಪಟೆಯಾಗಿ ಉದ್ದವಾಗುತ್ತದೆ, ಉದ್ದವಾದದ್ದು ಮುಂದಕ್ಕೇ ಹೋಗಬೇಕು, ಗಾಲಿಯನ್ನು ಎಳೆದುಕೊಂಡು. ಅದರ ಮೇಲೆ ಈ ಗಾಡಿಯ ಕೊಂಡಿಗಳು ಯುದ್ಧದಲ್ಲಿ ಸವೆದು ಲೊಡಲೊಡ ಅನ್ನುತ್ತಿದ್ದವು. ಜಾಕಿ ಕೊಟ್ಟು ಎತ್ತಿದೊಡನೆ ಗಾಲಿ ಜೋತುಬಿದ್ದು ಹಿಂದಕ್ಕೆ ಸರಿದು ಸಾಧುವಾಗುತ್ತಿತ್ತು. ನೋಡುವುದಕ್ಕೆಂದು ಪ್ರತಿ ಸಲವೂ ನಾನೇ ಆ ದೋಷವನ್ನು ಅಡಗಿಸುತ್ತಿದ್ದೆ.

ಸಾಬರನ್ನು ಕರೆಸಿದೆ. ಅವರು ಡ್ರೈವರ್ ಸೀಟಿನಲ್ಲಿ, ಹಿಂದೆ ಎಡಗಡೆಗೆ ಮೂರು ಮೂಟೆ ಮರಳು, ಎಡಗಾಲಿಯ ಕೆಳಗೆ ಒಂದು ದಪ್ಪ ದಿಮ್ಮಿ, ಮೋರಿಯ ತಗ್ಗಿನಲ್ಲಿ ಆಗುವ ಹಾಗೆ ಗಾಲಿ ಮೇಲಕ್ಕೆ ಒತ್ತಲಿ ಅಂತ. ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಚಾನೆಲಿನ ಬಾಯಿಯ ಎರಡು ತುಟಿಗೂ ಬಳಿದೆ.

"ಎಡಕ್ಕೆ ತಿರುಗಿಸಿ ಸಾಬ್ರೆ."

ತಿರುಗಿಸಿದರು. ಟೈರಿನ ಭುಜ ನೆಟ್ಟಗೆ ಹೋಗಿ ಚಾನೆಲಿನ ಬಾಯೊಳಗೆ ಕೂತಿತು. "ಈಗ ಬಲಕ್ಕೆ" ಅಂದೆ. ಎರಡು ಕೈಯಲ್ಲಿ ಎಳೆದರೂ ಬರಲಿಲ್ಲ. ಗಾಡಿಯನ್ನು ಒಂದು ಮೊಳ ಮುಂದಕ್ಕೆ ತಳ್ಳಿಸಿದೆ. ರಬ್ಬರು ಕಬ್ಬಿಣದೊಳಗೆ ಉಜ್ಜಿಕೊಂಡು, ಆ ಟೊಳ್ಳು ಚಾನೆಲು ಕೂಗಿತು. ಹಾಡಹಗಲು, ನಮ್ಮ ಶೆಡ್ಡಿನ ಮುಂದೆ. ನನ್ನ ಕೈಕೆಲಸ ಅಂತ ಗೊತ್ತಿದ್ದೂ ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ಸೋಡಾ ಅಂಗಡಿಯಲ್ಲಿ ಮಾತು ನಿಂತುಹೋಯಿತು. ಎಲ್ಲೋ ಕಟ್ಟಿದ್ದ ಒಂದು ಹಸು ಅದಕ್ಕೆ ಉತ್ತರ ಕೊಟ್ಟಿತು.

ಮೂಟೆ ಇಳಿಸಿದೊಡನೆ ಗಾಲಿ ಬಿಟ್ಟುಕೊಂಡಿತು. ಟೈರಿನ ಭುಜದಲ್ಲಿ ಸುಣ್ಣದ ಎರಡು ಗೆರೆ, ಹಲ್ಲಿನ ಗುರುತಿನ ಹಾಗೆ.

ಸಾಬರು ಇಳಿದು ಬಂದು ಸುಣ್ಣ ಮುಟ್ಟಿ ನೋಡಿದರು. ಕಣ್ಣಲ್ಲಿ ನೀರು ತುಂಬಿತ್ತು. "ಹಾಗಾದ್ರೆ ನನಗೆ ಹುಚ್ಚಲ್ಲ."

ರೆಕ್ಕೆಗಳನ್ನು ಕತ್ತರಿಸುವುದು ಅಂತ ತೀರ್ಮಾನಿಸಿದೆ. ಬಿಸಿ ಮಾಡಿದ್ದರೆ ಸುಲಭ, ಆದರೆ ಆಚಾರ್ರು ಬೆಂಕಿ ಕೊಡುವುದಿಲ್ಲ ಅಂದವರು ಕೊಡಲೇ ಇಲ್ಲ. ಗರಗಸದ ಬ್ಲೇಡಿನಲ್ಲೇ ತಣ್ಣನೆ ಕಬ್ಬಿಣ ಕುಯ್ಯಬೇಕು. ನಾನೊಂದು ಸರದಿ, ಸಾಬರೊಂದು ಸರದಿ. ಒಂಬತ್ತು ಬ್ಲೇಡು ಮುರಿದವು. ಎಡಗಡೆ ಒಂದು ಗೇಣು, ಬಲಗಡೆ ಒಂದು ಗೇಣು ತೆಗೆದು, ಅಂಚನ್ನು ಓರೆಯಾಗಿ ಅರದಲ್ಲಿ ಉಜ್ಜಿ ದುಂಡಗೆ ಮಾಡಿದೆವು. ಸವೆದ ಕೊಂಡಿಯ ಸಡಿಲ ಹೋಗಲಿ ಅಂತ ಹೊಸ ಬುಷ್ ಕಡೆಸಿ ಹಾಕಿದೆ. ಗಾಲಿ ನೆಲದ ಮೇಲೆ, ಮೂಟೆ ಹೇರಿ, ದಿಮ್ಮಿ ಕೊಟ್ಟು, ಪೂರ್ತಿ ಎಡಕ್ಕೆ ತಿರುಗಿಸಿ ಅಳೆದರೆ ಮೂರು ಬೆರಳು ಸಂದು.

ಬಲಗಡೆಯದನ್ನು ಕುಯ್ಯುವುದಕ್ಕೆ ಮುಂಚೆ, ಸಾಬರು ಬ್ಲೇಡು ಬದಲಿಸುತ್ತಿದ್ದಾಗ, ನಾನು ಎಡಗಾಲಿಯ ಸುಣ್ಣ ಒರೆಸಿ ಟೈರು ನೋಡುತ್ತಿದ್ದೆ. ರಬ್ಬರಿನಲ್ಲಿ ಚಂದ್ರನಂತೆ ಬಾಗಿದ ಕಚ್ಚು ಬಿದ್ದಿದ್ದವು, ಜೋಡಿ ಜೋಡಿಯಾಗಿ. ಇವತ್ತಿನದರೊಳಗೆ ಇನ್ನೂ ಸುಣ್ಣ ಉಳಿದಿತ್ತು, ಹೊಸತು. ಹಳೆಯವು ಎರಡು ಜೋಡಿ. ಪೂರ್ತಿ ಒಂದು ಸುತ್ತು ತಿರುಗಿಸಿದೆ. ಇನ್ನೊಂದು ಸುತ್ತು. ಎರಡೇ.

"ಸಾಬ್ರೆ, ಮೂರು ಸಲ ಹಿಡೀತು ಅಂದ್ರಲ್ಲ?"

ಅವರ ಕೈ ನಿಂತಿತು.

"ಸೋಮವಾರ ಹಿಂದೆ ಮೂಟೆ ಇತ್ತಾ?"

"ಇರಲಿಲ್ಲ. ಖಾಲಿ."

ಅವರೇ ಹೇಳಿದರು. ಬ್ಲೇಡಿನ ತಿರುಪು ಬಿಗಿ ಮಾಡುತ್ತಲೇ, ನನ್ನ ಕಡೆ ನೋಡದೆ.

"ಸೋಮವಾರ ಸ್ಟಿಯರಿಂಗು ಹಿಡೀಲಿಲ್ಲ ಮೇಸ್ತ್ರಿ. ಹಗುರವಾಗೇ ಇತ್ತು. ನಾನೇ ತಿರುಗಿಸಲಿಲ್ಲ. ಎಲ್ಲರೂ ಹೇಳ್ತಿದ್ರಲ್ಲ, ನೀರು ಕರೀತದೆ, ಕರೀತದೆ ಅಂತ. ಆ ತಿರುವಿಗೆ ಬಂದಾಗ ಕರೀತಾನೇ ಇದೆ ಅನ್ನಿಸ್ತು. ಹೋಗಿ ನೋಡೋಣ ಅನ್ನಿಸ್ತು, ಅಷ್ಟೇ. ದುಃಖ ಗಿಃಖ ಏನಿರಲಿಲ್ಲ."

"ಆಮೇಲೆ?"

"ನೀರಲ್ಲಿ ಒಂದು ಎಮ್ಮೆ ಬಿದ್ದುಕೊಂಡಿತ್ತು. ತಲೆ ಎತ್ತಿ ನನ್ನನ್ನ ನೋಡ್ತು. ಬ್ರೇಕು ಒತ್ತಿದೆ."

ಆಚಾರ್ರು ಕುಲುಮೆಯಲ್ಲಿ ಯಾರ ಮೇಲೋ ರೇಗುತ್ತಿದ್ದ ಸದ್ದು ಕೇಳುತ್ತಿತ್ತು. ಮೊದಲ ಎರಡು ಸಲ ನನ್ನ ತಪ್ಪು, ಅದು ಟೈರಿನ ಮೇಲೆ ಬರೆದಿತ್ತು. ಮೂರನೆಯದು? ಆ ಎರಡು ಆಗದಿದ್ದರೆ ಮೂರನೆಯದು ಆಗುತ್ತಿತ್ತೇ? ಅವರ ಕೈಯಿಂದ ಗರಗಸ ತೆಗೆದುಕೊಂಡು ಬಲಗಡೆಯ ರೆಕ್ಕೆ ಕುಯ್ಯಲು ಕೂತೆ. ಕುಯ್ದು ಮುಗಿಯುವಷ್ಟರಲ್ಲಿ ಒಂದು ನಿರ್ಧಾರಕ್ಕೆ ಬಂದಿದ್ದೆ.

ಶುಕ್ರವಾರ ಗೌಡರು ಬಂದರು. ಕತ್ತರಿಸಿದ ಬಂಪರ್ ನೋಡಿ ಮುಖ ಗಂಟಿಕ್ಕಿದರು. "ಏನಯ್ಯಾ, ಕಿವಿ ಕುಯ್ದ ನಾಯಂಗೆ ಮಾಡಿದ್ದೀಯ!"

ಕುಯ್ದ ತುಂಡಿನ ಸುಣ್ಣ ಬಳಿದ ಬಾಯಿ ತೋರಿಸಿದೆ, ಟೈರಿನ ಕಚ್ಚು ತೋರಿಸಿದೆ, ಗಾಲಿ ಹೇಗೆ ಮುಂದಕ್ಕೆ ಬರುತ್ತದೆ ಅಂತ ಜಾಕಿ ಇಳಿಸಿ ತೋರಿಸಿದೆ. ಸುಲಿದ ಬೆರಳೂ ತೋರಿಸಿದೆ.

"ಮೂರು ಸಲವೂ ಇದೇ ಗೌಡ್ರೆ. ಅಳೆದದ್ದು ನಾನು, ತಪ್ಪು ನನ್ನದು. ಇನ್ನೊಬ್ಬರಾಗಿದ್ರೆ ಮೊದಲನೇ ಸಲಕ್ಕೇ ಗಾಡಿ ನೀರಿಗೆ ಹಾಕೋರು. ಇವರು ಮೂರು ಸಲ ಉಳಿಸಿದ್ದಾರೆ."

ಗೌಡರು ಹಳೆಯ ಕಚ್ಚುಗಳನ್ನು ಎಣಿಸುತ್ತಾರೇನೋ ಅಂತ ನಾನು ಅವರ ಕಣ್ಣನ್ನೇ ನೋಡುತ್ತಿದ್ದೆ. ಅವರು ಎಣಿಸಲಿಲ್ಲ. "ಹಂಗಾರೆ ಇಷ್ಟು ದಿನ ಮೆಟ್ಕೊಂಡಿದ್ದ ದೆವ್ವ ನೀನೇ ಅನ್ನಯ್ಯಾ!" ಅಂತ ನಕ್ಕು ಜೀಪು ಹತ್ತಿದರು. ಸಾಬರಿಗೆ, "ನಡೀರಿ ಸಾಬ್ರೆ, ಬಿಸ್ಲು ಏರ್ತದೆ" ಅಂದರು. ಅವರು ಸಾಬರಿಗೆ ಬಹುವಚನ ಹಾಕಿದ್ದು ನಾನು ಕೇಳಿದ್ದು ಅದೇ ಮೊದಲು.

ನಾನು ಹೇಳಿದ್ದು ಸುಳ್ಳು. ಸುಳ್ಳು ಹೇಳಿ ಮನೆಯಲ್ಲಿ ಕೂರುವ ಹಾಗಿರಲಿಲ್ಲ. ಮಾರನೇ ದಿನದಿಂದ ಮಧ್ಯಾಹ್ನದ ಟ್ರಿಪ್ಪಿಗೆ ನಾನೂ ಹತ್ತಿದೆ. ಹೊಸ ಬುಷ್ ಕೂರುವ ತನಕ ಸಂದು ನೋಡುತ್ತಿರಬೇಕು ಅಂತ ಗೌಡರಿಗೆ ಹೇಳಿದ್ದೆ. ಹೆಂಡತಿ, "ಎಷ್ಟು ದಿನ ನೋಡ್ತೀರಿ ಆ ಸಂದ?" ಅಂದಳು. ಆಮೇಲೆ ಬುತ್ತಿಯಲ್ಲಿ ಎರಡು ಆಳಿಗಾಗುವಷ್ಟು ಕಟ್ಟತೊಡಗಿದಳು, ಕೇಳದೆಯೇ.

ಆ ತಿರುವು ಬಂದಾಗ ರಸ್ತೆಯ ಬಲಕ್ಕೂ ನಾಲೆಯ ಆಚೆಗೂ ಕಬ್ಬು ಆಳೆತ್ತರ, ಗಾಳಿಯಿಲ್ಲದೆಯೂ ಗರಿ ಸರಬರ ಅನ್ನುತ್ತಿತ್ತು. ನಾಲೆಯ ನೀರು ಹರಿಯುತ್ತಿದ್ದರೂ ಮೇಲೆ ಅಲುಗದೆ ನಿಂತ ಹಾಗೆ ಕಾಣುತ್ತಿತ್ತು. ನಾನು ಗಾಲಿಯ ಕಡೆ ನೋಡುತ್ತಿದ್ದೆ ಅಂತ ಅವರು ಅಂದುಕೊಂಡಿದ್ದರೋ ಇಲ್ಲವೋ, ನಾನು ನೋಡುತ್ತಿದ್ದದ್ದು ಅವರ ಕೈಯನ್ನು. ಎಡಕ್ಕೆ ತಿರುಗಿ, ಒಂದು ಗಳಿಗೆ ಅಲ್ಲೇ ನಿಂತು, ಬಲಕ್ಕೆ ಬರುತ್ತಿತ್ತು. ಆ ಒಂದು ಗಳಿಗೆ ದಿನದಿನಕ್ಕೆ ಕಮ್ಮಿಯಾಯಿತು. ಅದಕ್ಕೆ ಪುಸ್ತಕದಲ್ಲಿ ಅಳತೆ ಬರೆಯಲು ಆಗಲಿಲ್ಲ.

ಇಪ್ಪತ್ತು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ಶೆಡ್ಡಿನ ಮುಂದೆ ಜೀಪು ನಿಲ್ಲಿಸಿ, ಇಂಜಿನ್ ಆರಿಸದೆ, "ಇವತ್ತು ಬರಬೇಡಿ ಮೇಸ್ತ್ರಿ" ಅಂದರು.

"ಯಾಕೆ?"

"ಒಬ್ಬನೇ ಹೋಗ್ತೀನಿ."

ಮುಖ ನೋಡಿದೆ. ಏನೂ ತಿಳಿಯಲಿಲ್ಲ. ಬುತ್ತಿಯನ್ನು ಅವರ ಸೀಟಿನ ಪಕ್ಕಕ್ಕಿಟ್ಟು ಇಳಿದುಕೊಂಡೆ.

ಅವತ್ತು ನಾನು ಯಾವ ಕೆಲಸವನ್ನೂ ಮಾಡಲಿಲ್ಲ. ಒಂದು ಕಾರ್ಬುರೇಟರ್ ಬಿಚ್ಚಿ ಹರಡಿಕೊಂಡು ಮತ್ತೆ ಹಾಗೇ ಜೋಡಿಸಿದೆ. ಅವರು ಬರುವ ಹೊತ್ತು ಆಯಿತು, ಬರಲಿಲ್ಲ. ನೆರಳು ಶೆಡ್ಡಿನ ಹೊಸ್ತಿಲು ದಾಟಿತು. ಆಚಾರ್ರು ಬಂದು ಪಕ್ಕದಲ್ಲಿ ನಿಂತರು. ಅವರಿಗೆ ನಾನು ಯಾವತ್ತೂ ಏನೂ ಹೇಳಿರಲಿಲ್ಲ, ಆದರೂ ಬಂದು ನಿಂತರು. "ಪೆಟ್ರೋಲ್ ಮುಗಿದಿರ್ತದೆ ಬುಡು" ಅಂದರು. ನಾನು ರಸ್ತೆಯನ್ನೇ ನೋಡುತ್ತಿದ್ದೆ.

ಕೊನೆಗೆ ಧೂಳೆದ್ದಿತು. ಜೀಪು ಬಂದು ನಿಂತಿತು. ಸಾಬರು ಇಳಿದರು. ಮಂಡಿಯ ತನಕ ಒದ್ದೆ, ತೋಳೂ ಒದ್ದೆ, ಕಾಲಿಗೆ ನಾಲೆಯ ಕೆಸರು ಮೆತ್ತಿತ್ತು.

"ತಿರುವಿನಲ್ಲಿ ರೇಡಿಯೇಟರ್ ಕುದಿಯೋಕೆ ಹತ್ತಿತು ಮೇಸ್ತ್ರಿ. ಬೇರೆ ಎಲ್ಲೂ ನೀರಿಲ್ಲ. ಸ್ವಲ್ಪ ಹೊತ್ತು ಏರಿ ಮೇಲೆ ಕೂತಿದ್ದು, ಆಮೇಲೆ ಅಲ್ಲೇ ಇಳಿದು ತುಂಬಿಸ್ಕೊಂಡೆ."

ಬುತ್ತಿ ತೆಗೆದು ನನ್ನ ಕೈಗಿಟ್ಟರು. ಎರಡು ಆಳಿನ ಊಟ, ಅನ್ನದ ಒಂದು ಅಗುಳೂ ಉಳಿದಿರಲಿಲ್ಲ.